ಕನ್ನಡಕ್ಕೂ ಸ್ಪೆಲ್ಲಿಂಗ್ ಉಂಟು

“ಸ್ಪೆಲ್ಲಿಂಗ್ ಇರುವುದು ಇಂಗ್ಲಿಷಿಗೆ ಮಾರಾಯ್ರೆ, ಕನ್ನಡಕ್ಕೆ ಎಂಥ ಸ್ಪೆಲ್ಲಿಂಗ್? ಹೇಳಿದ ಹಾಗೆ ಬರೆದರಾಯ್ತಲ್ಲ!”

ನಮ್ಮ ಮನೆಗಳಲ್ಲಿ ಈ ಮಾತು ಹೇಳದವರು ಕಡಿಮೆ. ಸಂಜೆ ಮಗುವನ್ನು ಕೂರಿಸಿಕೊಂಡು ಇಂಗ್ಲಿಷ್ ಪದಗಳ ಒಂದೊಂದೇ ಅಕ್ಷರ ಬಾಯಿಪಾಠ ಮಾಡಿಸುವ ಉಮ್ಮ, ಕನ್ನಡ ಪುಸ್ತಕ ತೆರೆದ ಕೂಡಲೇ “ಒಮ್ಮೆ ಓದಿ ಮಡಚಿಡು” ಅನ್ನುತ್ತಾರೆ. ಶಾಲೆಯಲ್ಲೂ ಒಂದನೇ, ಎರಡನೇ ತರಗತಿಯ ಬರವಣಿಗೆ ಅಂದರೆ ಹೆಚ್ಚಿನ ಕಡೆ ಬೋರ್ಡಿನಲ್ಲಿ ಇದ್ದದ್ದನ್ನು ಪುಸ್ತಕಕ್ಕೆ ಇಳಿಸುವುದು, ಮನೆಗೆ ಬಂದು ಐದು ಸಲ ಕಾಪಿ ಬರೆಯುವುದು. ಕಿವಿಯಲ್ಲಿ ಕೇಳಿದ ಪದವನ್ನು, ಎದುರಿಗೆ ಏನೂ ಇಲ್ಲದೆ, ತಾನಾಗಿ ಬರೆಯುವ ಅಭ್ಯಾಸಕ್ಕೆ ದಿನದ ಪಾಠದಲ್ಲಿ ಜಾಗ ಸಿಗುವುದು ಅಪರೂಪ. ಅದಕ್ಕೊಂದು ಜಾಗ ಬೇಕು, ಓದಿನ ಪಾಠದ ಒಳಗೇ ಬೇಕು, ದಿನಾ ಹತ್ತು ನಿಮಿಷ ಬೇಕು. ಬೇರೆ ಮಕ್ಕಳಿಗಿಂತ ನಮ್ಮ ಬ್ಯಾರಿ ಮನೆಯ ಮಕ್ಕಳಿಗೆ ಅದು ಹೆಚ್ಚು ಬೇಕು ಎಂಬುದು ನನ್ನ ಅಭಿಪ್ರಾಯ.

ಯಾರು ಹೇಳಿದ ಹಾಗೆ?

ಹೇಳಿದ ಹಾಗೆ ಬರೆಯಬೇಕಾದರೆ, ಬರೆದಿರುವ ಹಾಗೆ ಹೇಳುವ ನಾಲಗೆ ಮೊದಲು ಇರಬೇಕು. ನಮ್ಮ ಮಕ್ಕಳು ಮನೆಯಲ್ಲಿ ಆಡುವುದು ಬ್ಯಾರಿ ಮಾತು. ಅದು ಮಲಯಾಳಕ್ಕೆ ಹತ್ತಿರದ್ದು, ತುಳುವಿನ ಜೊತೆ ತಲೆಮಾರುಗಳಿಂದ ಬೆರೆತದ್ದು. ಮಲಯಾಳದ ಎಷ್ಟೋ ಪದಗಳ ಮೊದಲಿನ ‘ವ’ ನಮ್ಮಲ್ಲಿ ‘ಬ’ ಆಗಿದೆ. ಳ ಮತ್ತು ಲ, ಣ ಮತ್ತು ನ ಇವುಗಳ ನಡುವಿನ ಗೆರೆ ನಮ್ಮ ಮಾತಿನಲ್ಲಿ ಬಹುಮಟ್ಟಿಗೆ ಅಳಿಸಿಹೋಗಿದೆ. ‘ಪಳ್ಳಿ’ ಎಂದು ಬರೆಯುವವರೂ ನಮ್ಮಲ್ಲಿದ್ದಾರೆ, ‘ಪಲ್ಲಿ’ ಎಂದು ಬರೆಯುವವರೂ ಇದ್ದಾರೆ. ಇಬ್ಬರಿಗೂ ಅರ್ಥ ಆಗುತ್ತದೆ, ಯಾರಿಗೂ ತೊಂದರೆ ಇಲ್ಲ.

ಆದರೆ ಕನ್ನಡ ಬರೆಯುವಾಗ ತೊಂದರೆ ಉಂಟು. ಹುಲಿ ಮತ್ತು ಹುಳಿ, ಬೆಲೆ ಮತ್ತು ಬೆಳೆ, ಹಲ್ಲಿ ಮತ್ತು ಹಳ್ಳಿ, ಮನೆ ಮತ್ತು ಮಣೆ, ಅನ್ನ ಮತ್ತು ಅಣ್ಣ. ಕನ್ನಡ ಮನೆಯ ಮಗುವಿಗೆ ಇವು ಎರಡೆರಡು ಬೇರೆ ಪದ. ನಮ್ಮ ಮಗುವಿನ ಕಿವಿಗೆ ಮೊದಮೊದಲು ಎರಡೂ ಒಂದೇ. ಟೀಚರು ‘ಅಣ್ಣ ಬಂದ’ ಎಂದಾಗ ‘ಅನ್ನ ಬಂದ’ ಎಂದು ಬರೆಯುವ ಮಗು ದಡ್ಡ ಅಲ್ಲ. ತನಗೆ ಕೇಳಿದ ಹಾಗೇ ಅದು ಬರೆದಿದೆ.

ಮಹಾಪ್ರಾಣದ ಕಥೆ ಇನ್ನೂ ಬೇರೆ. ಖ, ಘ, ಛ, ಝ, ಠ, ಢ, ಥ, ಧ, ಫ, ಭ ಈ ಹತ್ತನ್ನು ಕನ್ನಡ ಮನೆಮಾತಿನವರೂ ದಿನದ ಮಾತಿನಲ್ಲಿ ಸರಿಯಾಗಿ ಹೇಳುವುದು ಕಡಿಮೆ. ದನವೂ ಧನವೂ ಬಾಯಲ್ಲಿ ಒಂದೇ ಆಗಿಬಿಡುತ್ತದೆ. ಬರೆಯುವಾಗ ಮಾತ್ರ ಬೇರೆ ಮಾಡಬೇಕು.

ಲಿಪಿಯ ಲೆಕ್ಕವನ್ನೂ ನೋಡಿ. ಇಂಗ್ಲಿಷಿಗೆ 26 ಅಕ್ಷರ, ಕನ್ನಡಕ್ಕೆ 49. ಆದರೆ ಮಗುವಿನ ಕೆಲಸ 49ಕ್ಕೆ ಮುಗಿಯುವುದಿಲ್ಲ. 34 ವ್ಯಂಜನಗಳಿಗೂ ತಲಕಟ್ಟು, ಇಳಿ, ಗುಡಿಸು, ಕೊಂಬು, ಏತ್ವ, ಓತ್ವ ಅಂತ ಕಾಗುಣಿತದ ಸಾಲು ಹಿಡಿದರೆ ನಾನೂರು ರೂಪ ದಾಟುತ್ತದೆ. ಅದರ ಮೇಲೆ ಒತ್ತಕ್ಷರ. ‘ಸೂರ್ಯ’ ಎನ್ನುವಾಗ ರ್ ಮೊದಲು ಕೇಳುತ್ತದೆ, ಯ ಆಮೇಲೆ. ಬರೆಯುವಾಗ ಯ ಮೊದಲು, ಅರ್ಕಾವೊತ್ತು ಆಮೇಲೆ. ಹೇಳಿದ ಹಾಗೆ ಬರೆದರಾಯ್ತು ಅನ್ನುವವರು ಇದನ್ನು ಆರು ವರ್ಷದ ಮಗುವಿಗೆ ಒಮ್ಮೆ ವಿವರಿಸಿ ನೋಡಬೇಕು. ಕನ್ನಡ ಓದಲು ಕಲಿಯುವ ಮಕ್ಕಳ ಬಗ್ಗೆ ಬೆಂಗಳೂರಿನ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. ಇಂಗ್ಲಿಷ್ ವರ್ಣಮಾಲೆಯ ಹಾಗೆ ಕನ್ನಡದ ಅಕ್ಷರಗಳು ಒಂದು ವರ್ಷದಲ್ಲಿ ಕೈವಶ ಆಗುವುದಿಲ್ಲ, ನಾಲ್ಕನೇ ತರಗತಿಯವರೆಗೂ ಮಗು ಅವನ್ನು ಕಲಿಯುತ್ತಲೇ ಇರುತ್ತದೆ. ಹಾಗಿರುವಾಗ ಒಂದನೇ ತರಗತಿಯಲ್ಲಿ ‘ಅ’ದಿಂದ ‘ಳ’ದವರೆಗೆ ಬರೆಸಿ, ‘ಅಕ್ಷರ ಮುಗಿಯಿತು’ ಎಂದು ಕೈತೊಳೆದುಕೊಳ್ಳುವುದು ಹೇಗೆ?

ಮಾಡದಕೆರೆಯ ಎರಡು ನೋಟ್‌ಪುಸ್ತಕ

ಇದು ಕರಾವಳಿಯೊಳಗೇ ನಿಲ್ಲುವ ವಿಷಯ ಅಲ್ಲ. ವ್ಯಾಪಾರಕ್ಕೆಂದು ಘಟ್ಟ ಹತ್ತಿ ಬಯಲು ಸೀಮೆಯಲ್ಲಿ ಮನೆ ಮಾಡಿದ ಕುಟುಂಬಗಳೂ ನಮ್ಮಲ್ಲಿ ಉಂಟು. ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲೂಕಿನ ಮಾಡದಕೆರೆ ಒಂದು ಹೋಬಳಿ ಕೇಂದ್ರ. ಸುತ್ತಲೂ ತೆಂಗು, ಅಡಿಕೆಯ ಸೀಮೆ. ತೆಂಗಿನಕಾಯಿ ವ್ಯಾಪಾರಕ್ಕೆ ಹೋಗಿ ಅಲ್ಲೇ ನೆಲೆಸಿದ ಪರಿಚಯದವರೊಬ್ಬರ ಮಗಳು ಎರಡನೇ ತರಗತಿಯಲ್ಲಿದ್ದಾಳೆ. ಅವಳ ಎರಡು ನೋಟ್‌ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ.

ಒಂದು ಕಾಪಿ ಪುಸ್ತಕ. ಮುತ್ತಿನಂಥ ಅಕ್ಷರ, ಹುಡುಕಿದರೂ ತಪ್ಪಿಲ್ಲ. ಇನ್ನೊಂದರಲ್ಲಿ ಅವಳೇ ಮನಸ್ಸಿಗೆ ಬಂದದ್ದನ್ನು ಬರೆದು, ಪಕ್ಕದಲ್ಲಿ ಚಿತ್ರ ಮಾಡಿದ್ದಾಳೆ. ತೋಟದಲ್ಲಿ ‘ತೆಂಗಿನ ಬೆಲೆ’ ಉಂಟು. ಉಮ್ಮ ‘ಹುಲಿ ಸಾರು’ ಮಾಡಿದ್ದಾರೆ. ಮರದ ಮೇಲೆ ‘ಅಕ್ಕಿ’ ಕೂತಿದೆ.

ನಗು ಬರುತ್ತದೆ, ಆದರೆ ಕೂತು ನೋಡಿದರೆ ಆ ಪುಟದಲ್ಲಿ ಟೀಚರಿಗೆ ಬೇಕಾದ ಮಾಹಿತಿ ಎಲ್ಲ ಉಂಟು. ಬೆಲೆ, ಹುಲಿ ಎರಡೂ ಬ್ಯಾರಿ ಮನೆಯಿಂದ ಬಂದ ತಪ್ಪು. ‘ಅಕ್ಕಿ’ ಬಂದದ್ದು ಆಟದ ಗೆಳತಿಯರಿಂದ. ಹಳ್ಳಿಯ ಆಡುಮಾತಿನಲ್ಲಿ ಪದದ ಮೊದಲಿನ ಹ ಎಷ್ಟೋ ಸಲ ಬಿದ್ದುಹೋಗುತ್ತದೆ, ಹಕ್ಕಿ ಅಕ್ಕಿ ಆಗುತ್ತದೆ. ಹಾಗೆಯೇ ಆ ಭಾಗದ ಒಂದು ತರಗತಿಯಲ್ಲಿ ಉರ್ದು ಮನೆಯ ಮಗು ಇರಬಹುದು. ಅದಕ್ಕೆ ಖ, ಭ ಅಷ್ಟು ಅಪರಿಚಿತ ಅಲ್ಲ, ಆದರೆ ಳ ಮತ್ತು ಣ ಉರ್ದುವಿನಲ್ಲಿ ಇಲ್ಲ. ತಾಂಡಾದಿಂದ ಬರುವ ಲಂಬಾಣಿ ಮಗು ಇರಬಹುದು, ಅದರ ಮನೆಮಾತು ಕನ್ನಡದ ಬಳಗದ್ದೇ ಅಲ್ಲ. ಒಂದೇ ಗುಂಪಿನಲ್ಲಿ ಮೂರು ನಾಲ್ಕು ಥರದ ಕಿವಿ.

ಇವರಿಗೆಲ್ಲ ಒಂದೇ ಹತ್ತು ಪದ ಕೊಟ್ಟು ಕಾಪಿ ಬರೆಸಿದರೆ ಎಲ್ಲರ ಪುಸ್ತಕವೂ ಸರಿಯಾಗಿಯೇ ಇರುತ್ತದೆ. ಯಾರ ತೊಂದರೆ ಎಲ್ಲಿ ಎಂದು ಗೊತ್ತಾಗುವುದೇ ಇಲ್ಲ. ಕಾಪಿಯಲ್ಲಿ ಕೆಲಸ ಮಾಡುವುದು ಕಣ್ಣು ಮತ್ತು ಕೈ. ಕಿವಿಗೆ ಅಲ್ಲಿ ರಜೆ. ಅಕ್ಷರ ದುಂಡಗಾಗಲಿಕ್ಕೆ ಕಾಪಿ ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ಅದರಿಂದ ಕಾಗುಣಿತ ಬರುತ್ತದೆ ಅಂದುಕೊಂಡರೆ ಮೋಸಹೋಗುತ್ತೇವೆ.

ಹತ್ತು ನಿಮಿಷ ಎಲ್ಲಿಂದ ತರುವುದು?

ಹಳೆಯ ಕಾಲದಲ್ಲಿ ಉಕ್ತಲೇಖನ ಇತ್ತು, ಈಗಲೂ ಕೆಲವು ಕಡೆ ಶನಿವಾರ ಉಂಟು. ಹತ್ತು ಪದ ಹೇಳಿ, ಬರೆಸಿ, ಅಂಕ ಹಾಕಿ, ತಪ್ಪಾದದ್ದನ್ನು ಹತ್ತು ಸಲ ಬರೆಸಿ ಮುಗಿಸುವುದು. ಅದು ಪರೀಕ್ಷೆ. ಅಭ್ಯಾಸ ಮಾಡಿಸದೆ ಪರೀಕ್ಷೆ ಮಾಡಿದರೆ ಬರುವ ಮಗುವಿಗೆ ಹತ್ತು, ಬಾರದ ಮಗುವಿಗೆ ಎರಡು, ಮುಂದಿನ ವಾರವೂ ಅಷ್ಟೇ.

ನಮ್ಮ ಸರಕಾರಿ ಕನ್ನಡ ಶಾಲೆಗಳ ಒಂದರಿಂದ ಮೂರನೇ ತರಗತಿಯವರೆಗೆ ಕಲಿಸಿಕೊಂಡು ಬಂದದ್ದು ನಲಿ-ಕಲಿ ಪದ್ಧತಿಯಲ್ಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶುರುವಾಗಿ 2009-10ರಿಂದ ರಾಜ್ಯದಾದ್ಯಂತ ಹಬ್ಬಿದ ಈ ಪದ್ಧತಿಯಲ್ಲಿ ಮಕ್ಕಳು ಕಲಿಕಾ ಏಣಿಯ ಮೆಟ್ಟಿಲನ್ನು ತಮ್ಮ ತಮ್ಮ ವೇಗದಲ್ಲಿ ಹತ್ತುತ್ತಾರೆ. ಒಬ್ಬಳು ಐದನೇ ಮೆಟ್ಟಿಲು, ಇನ್ನೊಬ್ಬ ಹದಿನೈದನೇ ಮೆಟ್ಟಿಲು. “ಎಲ್ಲರಿಗೂ ಒಟ್ಟಿಗೆ ಉಕ್ತಲೇಖನ ಹೇಗೆ ಕೊಡುವುದು?” ಎಂದು ಟೀಚರು ಕೇಳಿದರೆ ನ್ಯಾಯವಾದ ಪ್ರಶ್ನೆಯೇ. ಉತ್ತರ ಅದೇ ಪದ್ಧತಿಯೊಳಗೆ ಉಂಟು: ಒಟ್ಟಿಗೆ ಬೇಡ, ಗುಂಪಿಗೆ ಕೊಡಿ.

ನಲಿ-ಕಲಿಯಲ್ಲಿ ಅಕ್ಷರ ಕಲಿಸುವುದು ಅ, ಆ, ಇ, ಈ ಕ್ರಮದಲ್ಲಿ ಅಲ್ಲ. ಮೊದಲು ಬರುವುದು ರ, ಗ, ಸ, ದ, ಅ. ಇದರ ಜಾಣತನ ನೋಡಿ. ಈ ಐದೇ ಅಕ್ಷರದಲ್ಲಿ ಸರ, ದರ, ರಸ, ಅರಸ, ಅಗಸ ಇಷ್ಟು ಪದ ಆಗುತ್ತದೆ. ಮುಂದಿನ ಜ, ವ, ಮ, ಬ, ನ ಸೇರಿದರೆ ಮರ, ಜನ, ವನ, ನಗರ, ಗಮನ, ಸಮರ. ಒಂದು ಗುಂಪಿಗೆ ಎಷ್ಟು ಅಕ್ಷರ ಗೊತ್ತುಂಟೋ ಅಷ್ಟರಲ್ಲೇ ಐದು ಪದ ಹೇಳಿ ಬರೆಸಬಹುದು. ಕಲಿಯದ ಅಕ್ಷರದ ಪದ ಬರುವುದೇ ಇಲ್ಲ, ಹಾಗಾಗಿ ಸೋಲುವ ಹೆದರಿಕೆಯೂ ಕಡಿಮೆ.

ಅಭ್ಯಾಸದ ಕ್ರಮವೂ ಸುಲಭ. ಅವತ್ತು ಓದಿದ ಪಾಠದಿಂದಲೇ ಐದು ಪದ ಆರಿಸಬೇಕು, ಬೇರೆ ಪಟ್ಟಿ ಬೇಡ. ಮೊದಲು ಟೀಚರು ಪದವನ್ನು ವಾಕ್ಯದಲ್ಲಿ ಇಟ್ಟು ಹೇಳಬೇಕು. ‘ಹುಳಿ, ಮಾವಿನಕಾಯಿ ಹುಳಿ’ ಅಂದರೆ ಹುಲಿ ಓಡಿಹೋಗುತ್ತದೆ. ಆಮೇಲೆ ಮಕ್ಕಳು ಪದವನ್ನು ಬಾಯಲ್ಲಿ ಬಿಡಿಸಬೇಕು: ಅಣ್ಣದಲ್ಲಿ ನಾಲಗೆ ಎಲ್ಲಿ ಮಡಚಿತು, ಅನ್ನದಲ್ಲಿ ಎಲ್ಲಿ ತಾಗಿತು, ಕಾಲು ಎಷ್ಟು ಉದ್ದ, ಕಲ್ಲು ಎಲ್ಲಿ ಒತ್ತಿತು. ಆಮೇಲೆ ಸ್ಲೇಟಿನಲ್ಲಿ ಬರೆಯಬೇಕು. ಸ್ಲೇಟಿನ ತಪ್ಪು ಒರಸಿದರೆ ಹೋಗುತ್ತದೆ, ಪುಸ್ತಕದ ಕೆಂಪು ಗೆರೆಯ ಹಾಗೆ ಉಳಿಯುವುದಿಲ್ಲ. ಕೊನೆಗೆ ಕಾರ್ಡು ತೋರಿಸಿ ಮಗುವೇ ತನ್ನದನ್ನು ಸರಿನೋಡಿಕೊಳ್ಳಬೇಕು. ತಪ್ಪಾದ ಪದಕ್ಕೆ ಇಂಗ್ಲೆಂಡಿನ ಶಾಲೆಗಳಲ್ಲಿ ಬಹಳ ಬಳಕೆಯಲ್ಲಿರುವ ಒಂದು ಕ್ರಮ ನಮಗೂ ಹೊಂದುತ್ತದೆ: ನೋಡು, ಹೇಳು, ಮುಚ್ಚು, ಬರೆ, ತೆರೆದು ನೋಡು. ಮುಚ್ಚು ಎಂಬ ಆ ಒಂದು ಹೆಜ್ಜೆಯೇ ಕಾಪಿಗೂ ಅಭ್ಯಾಸಕ್ಕೂ ಇರುವ ವ್ಯತ್ಯಾಸ.

ಒಂದು ವಾರಕ್ಕೆ ಒಂದೇ ಕಷ್ಟ ಇಟ್ಟುಕೊಳ್ಳುವುದು ಒಳ್ಳೆಯದು. ಈ ವಾರ ದೀರ್ಘ, ಮುಂದಿನ ವಾರ ಲ ಮತ್ತು ಳ, ಅದರ ಮುಂದಿನ ವಾರ ಸಜಾತಿ ಒತ್ತು. ಕಳೆದ ವಾರದ ಎರಡು ಪದ ಈ ವಾರವೂ ಬರಬೇಕು, ಇಲ್ಲದಿದ್ದರೆ ಕಲಿತದ್ದು ಶನಿವಾರದ ಒಳಗೆ ಆವಿಯಾಗುತ್ತದೆ.

ಟೀಚರುಗಳ ಕೈ ತುಂಬಾ ಕೆಲಸ ಉಂಟು ಎಂಬುದು ನಿಜ. ಎಷ್ಟೋ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಇರುವುದೇ ಒಬ್ಬರು ಇಬ್ಬರು. ಆದರೆ ಇದು ಹೊಸ ಪೀರಿಯಡ್ ಅಲ್ಲ, ಹೊಸ ಪುಸ್ತಕವೂ ಅಲ್ಲ. ಕಾಪಿಗೆ ಹೋಗುವ ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ತೆಗೆದು ಇದಕ್ಕೆ ಕೊಟ್ಟರೆ ಸಾಕು.

ತಿದ್ದುವುದು ಎಷ್ಟು?

“ತಪ್ಪು ತಿದ್ದಬೇಡಿ, ಮಗು ಬರೆಯುವುದನ್ನೇ ಬಿಟ್ಟೀತು” ಅನ್ನುವವರು ಒಂದು ಕಡೆ. “ಒಂದು ತಪ್ಪನ್ನೂ ಬಿಡಬೇಡಿ, ಮತ್ತೆ ಹೋಗುವುದಿಲ್ಲ” ಅನ್ನುವವರು ಇನ್ನೊಂದು ಕಡೆ. ಎರಡರಲ್ಲೂ ಸತ್ಯ ಉಂಟು, ಜಾಗ ಬೇರೆ ಬೇರೆ. ಅಭ್ಯಾಸದ ಹತ್ತು ನಿಮಿಷದಲ್ಲಿ ತಪ್ಪನ್ನು ಬಿಡಬಾರದು. ಮಗು ತಾನಾಗಿ ಕಥೆಯೋ ಕಾಗದವೋ ಬರೆದಾಗ ಕಲಿಸಿ ಆದದ್ದನ್ನು ಮಾತ್ರ ತಿದ್ದಬೇಕು. ಒತ್ತಕ್ಷರ ಇನ್ನೂ ಕಲಿಸದ ಮಗು ‘ಅಮ’ ಎಂದು ಬರೆದರೆ ಅದು ಅರ್ಧ ದಾರಿ ಬಂದಿದೆ ಎಂದು ಖುಷಿಪಡಬೇಕು. ಮೂರನೇ ತರಗತಿಯಲ್ಲೂ ‘ಅಮ’ ಎಂದೇ ಬರೆದರೆ ನಾವು ಎಲ್ಲೋ ಕೈಬಿಟ್ಟಿದ್ದೇವೆ ಎಂದು ಅರ್ಥ.

ನಮ್ಮ ಮಕ್ಕಳಿಗೆ ಇದು ಹೊಸತಲ್ಲ

ನಮ್ಮ ಮಕ್ಕಳ ಹತ್ತಿರ ಒಂದು ಬಂಡವಾಳ ಉಂಟು, ಅದನ್ನು ನಾವು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಬೆಳಿಗ್ಗೆ ಮದ್ರಸದಲ್ಲಿ ಅವರು ಮಾಡುವುದು ಇದೇ ಕೆಲಸ. ಅಕ್ಷರಕ್ಕೆ ಫತ್‌ಹ್ ಸೇರಿದರೆ ಬ, ಕಸ್ರ್ ಸೇರಿದರೆ ಬಿ, ಳಮ್ಮ್ ಸೇರಿದರೆ ಬು. ಶಾಲೆಯ ‘ಕ ತಲಕಟ್ಟು ಕ, ಕ ಗುಡಿಸು ಕಿ, ಕ ಕೊಂಬು ಕು’ ಇದಕ್ಕಿಂತ ಬೇರೆ ಏನು? ಅಕ್ಷರ ಇಮ್ಮಡಿ ಆಗುವ ಶದ್ದ್ ಗೊತ್ತಿರುವ ಮಗುವಿಗೆ ಸಜಾತಿ ಒತ್ತಕ್ಷರದ ಅರ್ಧ ಪಾಠ ಆಗಿಹೋಗಿದೆ. ಎಳೆದು ಓದುವ ಮದ್ದ್ ಗೊತ್ತಿರುವವನಿಗೆ ದೀರ್ಘ ಹೊಸತಲ್ಲ.

ಅದಕ್ಕಿಂತ ದೊಡ್ಡದು ಕಿವಿಯ ತರಬೇತಿ. ಸೀನ್ ಬೇರೆ, ಸ್ವಾದ್ ಬೇರೆ. ತಾ ಬೇರೆ, ತ್ವಾ ಬೇರೆ. ನಾಲಗೆ ಎಲ್ಲಿ ತಾಗಬೇಕು, ಉಸಿರು ಎಲ್ಲಿಂದ ಬರಬೇಕು ಎಂದು ಉಸ್ತಾದರು ಒಂದೊಂದು ಅಕ್ಷರಕ್ಕೂ ಕೂರಿಸಿ ಹೇಳಿಸುತ್ತಾರೆ. ಕೇರಳ ಪದ್ಧತಿಯ ಮದ್ರಸಗಳಲ್ಲಿ ‘ಳಾದ್’ ಹೇಳಿದ ನಾಲಗೆ, ಎರಡು ಗಂಟೆ ಕಳೆದು ಶಾಲೆಗೆ ಹೋದಾಗ ‘ಹಳ್ಳಿ’ ಹೇಳಲಾರದೆ ಹೋಗುವುದು ಹೇಗೆ? ಹೇಳಬಲ್ಲದು. ಎರಡನ್ನೂ ಜೋಡಿಸಿ ತೋರಿಸುವವರು ಬೇಕು, ಅಷ್ಟೆ. ಹಿಂದೆ ನಮ್ಮ ಅಜ್ಜಿಯಂದಿರಲ್ಲಿ ಶಾಲೆಯ ಮೆಟ್ಟಿಲು ಹತ್ತದವರೂ ಅರಬಿ ಮಲಯಾಳಂ ಲಿಪಿಯಲ್ಲಿ ಮಾಲೆಪಾಟ್ಟು ಓದುತ್ತಿದ್ದರು. ಅರಬಿಯಲ್ಲಿ ಇಲ್ಲದ ಮಲಯಾಳದ ಧ್ವನಿಗಳಿಗೆ ಆ ಲಿಪಿಯಲ್ಲಿ ಬೇರೆಯೇ ಅಕ್ಷರ ಮಾಡಿಕೊಂಡಿದ್ದರು. ಧ್ವನಿಗೆ ಸರಿಯಾದ ಅಕ್ಷರ ಹುಡುಕುವ ಶ್ರದ್ಧೆ ನಮ್ಮ ಮನೆಗಳಿಗೆ ಹೊರಗಿನಿಂದ ಬರಬೇಕಾದದ್ದಲ್ಲ.

ಮೊದಲ ಪಾಠ ಮಗುವಿನ ಹೆಸರೇ ಆಗಬಹುದು. ಮುಹಮ್ಮದ್ ಹೆಸರಿನಲ್ಲಿ ಮ ಒತ್ತು ಉಂಟು. ಅಬ್ದುಲ್ಲಾ ಹೆಸರಿನಲ್ಲಿ ಎರಡು ಥರದ ಒತ್ತು ಮತ್ತು ದೀರ್ಘ. ಇಬ್ರಾಹೀಂನಲ್ಲಿ ರ ಒತ್ತು, ದೀರ್ಘ, ಕೊನೆಗೊಂದು ಸೊನ್ನೆ. ಫಾತಿಮಾದ ಫ, ಖದೀಜಾದ ಖ ಎರಡೂ ಮಹಾಪ್ರಾಣ. ಬೇರೆ ಮಕ್ಕಳು ಮೂರನೇ ತರಗತಿಗೆ ಬಂದು ಹೆಣಗುವುದೆಲ್ಲ ನಮ್ಮ ಮಕ್ಕಳ ಹೆಸರಿನಲ್ಲೇ ಉಂಟು. ಹೆಸರಿನ ಕಾಗುಣಿತ ತಪ್ಪಿದರೆ ಏನಾಗುತ್ತದೆ ಎಂದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಶಾಲೆಯ ದಾಖಲೆಯಲ್ಲಿ ಒಂದು, ಆಧಾರಿನಲ್ಲಿ ಒಂದು, ಪಾಸ್‌ಪೋರ್ಟಿಗೆ ಹೋದಾಗ ಇನ್ನೊಂದು. ಗಲ್ಫಿಗೆ ಹೊರಟ ಮಗ ಅಫಿದವಿತ್ ಮಾಡಿಸಿಕೊಂಡು ಕಚೇರಿ ಕಚೇರಿ ಅಲೆಯುತ್ತಾನೆ. ಅರ್ಜಿ ತುಂಬುವ ದಿನ ಪಕ್ಕದಲ್ಲಿ ನಿಂತು “ಅಲ್ಲ ಸಾರ್, ಇಲ್ಲಿ ಒತ್ತು ಬೇಕು” ಎಂದು ಹೇಳಬಲ್ಲ ಒಬ್ಬರು ಮನೆಯಲ್ಲಿ ಇದ್ದರೆ ಅಷ್ಟು ಅಲೆದಾಟ ಉಳಿಯುತ್ತಿತ್ತು.

ಇದರಲ್ಲಿ ನಮ್ಮ ಪಾಲು

2021ರ ಜುಲೈಯಲ್ಲಿ ಕೇಂದ್ರ ಸರಕಾರ ‘ನಿಪುಣ್ ಭಾರತ್’ ಆರಂಭಿಸಿ, 2026-27ರ ಒಳಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಓದು, ಬರಹ, ಲೆಕ್ಕದ ಬುನಾದಿ ಆಗಬೇಕೆಂದು ಗುರಿ ಇಟ್ಟಿತು. 2022ರ ‘ಅಸರ್’ ಸಮೀಕ್ಷೆಯಲ್ಲಿ ದೇಶದ ಗ್ರಾಮೀಣ ಭಾಗದ ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ಶೇ. 20.5 ಮಾತ್ರ. ಇದು ಓದಿನ ಲೆಕ್ಕ. ಆ ಸಮೀಕ್ಷೆ ಬರವಣಿಗೆಯನ್ನು ಅಳೆಯುವುದಿಲ್ಲ. ಅಳೆಯದ ಕಾರಣ ಅದರ ಬಗ್ಗೆ ಯಾರಿಗೂ ಗಾಬರಿಯೂ ಇಲ್ಲ.

ಗಾಬರಿ ಆಗುವುದು ನಾಲ್ಕನೇ, ಐದನೇ ತರಗತಿಗೆ ಬಂದಾಗ. ಅಲ್ಲಿ ಪರಿಸರ, ಗಣಿತ ಎಲ್ಲದಕ್ಕೂ ಉತ್ತರ ಬರೆಯಬೇಕು. ಕಾಗುಣಿತದ ಹೆದರಿಕೆ ಇರುವ ಮಗು ತನಗೆ ಧೈರ್ಯ ಇರುವ ಪದಗಳನ್ನಷ್ಟೇ ಬರೆಯುತ್ತದೆ. ಉತ್ತರ ಮೋಟಾಗುತ್ತದೆ, ಆಮೇಲೆ ಗೈಡಿನಿಂದ ಇಳಿಸುವುದು ಶುರು. ಮನೆಯಲ್ಲಿ “ಇವನಿಗೆ ಕನ್ನಡ ತಲೆಗೆ ಹೋಗುವುದಿಲ್ಲ” ಎಂದು ತೀರ್ಮಾನ ಆಗುತ್ತದೆ. ಸಾಲ ಮಾಡಿ ಇಂಗ್ಲಿಷ್ ಮೀಡಿಯಂಗೆ ಹಾಕುತ್ತೇವೆ. ಹೇಳುವುದೊಂದು ಬರೆಯುವುದೊಂದು ಎಂಬ ತೊಂದರೆ ಕನ್ನಡಕ್ಕಿಂತ ಹತ್ತು ಪಾಲು ಹೆಚ್ಚು ಇರುವುದು ಅಲ್ಲಿ ಎಂಬುದನ್ನು ಮರೆಯುತ್ತೇವೆ. ಕಿವಿಯಿಂದ ಅಕ್ಷರಕ್ಕೆ ಹೋಗುವ ದಾರಿ ಒಂದು ಭಾಷೆಯಲ್ಲಿ ಗಟ್ಟಿಯಾದರೆ ಇನ್ನೊಂದಕ್ಕೆ ಸಹಾಯ ಆಗುತ್ತದೆ. ಒಂದರಲ್ಲೂ ಆಗದಿದ್ದರೆ ಎರಡೂ ಕಡೆ ಬಾಯಿಪಾಠವೇ ಗತಿ.

ಇನ್ನೊಂದು ಮಾತು ನಮ್ಮ ಭಾಷೆಯದ್ದೇ. 2007ರಲ್ಲಿ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಸ್ಥಾಪನೆ ಆಯಿತು. 2020ರಲ್ಲಿ ಬ್ಯಾರಿಗೆ ಪ್ರತ್ಯೇಕ ಲಿಪಿಯೂ ಬಿಡುಗಡೆ ಆಯಿತು. ಆದರೂ ಇವತ್ತು ಬ್ಯಾರಿ ಕಥೆ, ಕವಿತೆ, ಹಾಡು ಹೆಚ್ಚಾಗಿ ಅಚ್ಚಾಗುವುದು ಕನ್ನಡ ಅಕ್ಷರದಲ್ಲಿ. ಕನ್ನಡ ಅಕ್ಷರ ಕೈಗೆ ಒಗ್ಗದ ಮಗು ನಾಳೆ ತನ್ನ ಉಮ್ಮನ ಮಾತನ್ನು ಯಾವುದರಲ್ಲಿ ಬರೆದೀತು?

ನಾವು ಮಾಡಬಹುದಾದದ್ದು ಸಣ್ಣದು. ಎಸ್‌ಡಿಎಂಸಿಯಲ್ಲಿ ನಮ್ಮ ಪೋಷಕರು ಇದ್ದಾರೆ. ಸಭೆಯಲ್ಲಿ ಕಾಂಪೌಂಡು, ಬಿಸಿಯೂಟದ ವಿಷಯ ಆದ ಮೇಲೆ ಒಂದು ಪ್ರಶ್ನೆ ಕೇಳಲಿ: “ನಮ್ಮ ಮಕ್ಕಳು ನೋಡದೆ ಎಷ್ಟು ಬರೆಯುತ್ತಾರೆ?” ಮದ್ರಸದ ಉಸ್ತಾದರೂ ಶಾಲೆಯ ಟೀಚರೂ ವರ್ಷಕ್ಕೊಮ್ಮೆಯಾದರೂ ಕೂತು ಮಾತಾಡುವ ಏರ್ಪಾಡನ್ನು ಜಮಾಅತಿನವರು ಮಾಡಲಿ. ಮನೆಯಲ್ಲಿ ರಾತ್ರಿ ಊಟ ಆದ ಮೇಲೆ ಐದು ಪದ. ಉಮ್ಮನಿಗೆ ಕನ್ನಡ ಬರೆಯಲು ಬಾರದಿದ್ದರೂ ಅಡ್ಡಿ ಇಲ್ಲ, ಪದ ಹೇಳಿದರೆ ಸಾಕು. ಮಗು ಬರೆಯಲಿ, ಪುಸ್ತಕ ತೆರೆದು ತಾನೇ ನೋಡಿಕೊಳ್ಳಲಿ, ತಪ್ಪಾದದ್ದನ್ನು ಉಮ್ಮನಿಗೆ ತೋರಿಸಿ “ಇಲ್ಲಿ ಳ ಬರಬೇಕಿತ್ತು” ಎಂದು ಕಲಿಸಲಿ. ಹಾಗೆ ಒಂದು ವರ್ಷ ನಡೆದರೆ ಆ ಮನೆಯಲ್ಲಿ ಕನ್ನಡ ಬರೆಯುವವರು ಒಬ್ಬರಲ್ಲ, ಇಬ್ಬರು.